ಪರದೆಯ ಮೇಲೆ ನಿಮ್ಮೂರಿನವರು

ನಾನು ಶಾಲೆ ಬಿಟ್ಟದ್ದು 2001ರಲ್ಲಿ, ಏಳನೆಯ ತರಗತಿಯಲ್ಲಿ. ಆಗ ಗಂಗಾವತಿಯ ಬೇಸಿಗೆಯೆಂದರೆ ಗಿರಣಿಗಳ ತೌಡಿನ ವಾಸನೆ. ಹಿಂದಿನ ವರ್ಷದ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರು ಕಾಡಿನ ದಾರಿಯಲ್ಲಿ ಹಿಂದೆ ಉಳಿದ ಎಂದಷ್ಟೇ ಹೇಳಿದ್ದರು. ಅವ್ವ ಶ್ರೀರಾಮನಗರದ ಗದ್ದೆಗೆ ಕೂಲಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬನೇ.

ಆ ಬೇಸಿಗೆ ಟಾಕೀಸಿಗೆ ಶ್ರೀಶೈಲ ಪಾದಯಾತ್ರೆಯ ಸಾಕ್ಷ್ಯಚಿತ್ರ ಬಂತು. ಹೀರೋ ಇಲ್ಲ, ಫೈಟ್ ಇಲ್ಲ. ಚಿತ್ರವನ್ನು ಊರೂರಿಗೆ ತರುತ್ತಿದ್ದ ಬಸಣ್ಣ ಬಾಗಿಲಲ್ಲಿ ಕಾಲು ತೊಳೆಯಲು ಕೊಡ ಇಟ್ಟ, ಟಿಕೆಟ್ಟಿನ ಜೊತೆ ವಿಭೂತಿ ಕೊಟ್ಟ, ಆಟೋಕ್ಕೆ ಮೈಕು ಕಟ್ಟಿದ. "ಹೋದ ವರ್ಷ ನಡದವರೆಲ್ಲ ಇದರಾಗ ಅದಾರ. ನಿಮ್ಮ ಗಂಗಾವತಿಯವರನ್ನ ಪರದೆ ಮ್ಯಾಲ ನೋಡ್ರಿ."

ನಾನು ಅಪ್ಪನನ್ನು ನೋಡಲು ಹೋದೆ. ಜನ ಚಪ್ಪಲಿ ಹೊರಗೆ ಬಿಟ್ಟು ಗುಡಿಯಲ್ಲಿ ಕೂತಂತೆ ಕೂತಿದ್ದರು. ಶಿಖರ ಕಂಡದ್ದೇ ತಡ, ಎಲ್ಲರೂ ಎದ್ದು ಕೈಮುಗಿದರು. ಆಗಲೇ ಯಾತ್ರಿಕರ ಸಾಲು ಬಂತಂತೆ. ಎದ್ದವರ ಮಧ್ಯೆ ನನಗೇನೂ ಕಾಣಲಿಲ್ಲ.

ದಿನಾ ಪುಕ್ಕಟೆ ನೋಡಬಹುದೆಂದು ಬಸಣ್ಣನ ಮೈಕು ಹಿಡಿದೆ. ಮರುದಿನವೇ ಚಿತ್ರ ಕುಷ್ಟಗಿಗೆ ಹೋಯಿತು, ಜೊತೆಗೆ ನಾನೂ. ಅಲ್ಲಿ, "ನಿಮ್ಮ ಕುಷ್ಟಗಿಯವರನ್ನ ನೋಡ್ರಿ" ಎಂದು ಕೂಗಲು ಹೇಳಿದ. ಇದೇನಣ್ಣ ಎಂದೆ. ಅವನು ನಕ್ಕ.

"ಏ ಮಗನ, ಶ್ರೀಶೈಲದ ಕಂಬಿ ಹೆಗಲಿಗೆ ಹೊತ್ತ ಮ್ಯಾಲ ಎಲ್ಲಾರೂ ಒಂದ ಊರವರು."

ದಾಳಿಂಬೆ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ಆಟೋ ನಿಲ್ಲಿಸಿದಳು. "ತಮ್ಮಾ, ನನ್ನ ಮಗ ಹೋದಾಂವ ಬಂದಿಲ್ಲ. ಇದರಾಗ ಕಾಣ್ತಾನೇನು?"

ಅದು ಟಿಕೆಟ್ ಮಾರುವ ಮಾತೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಆದರೂ ಅಂದೆ: "ಕಾಣ್ತಾನ ಯವ್ವಾ, ಬಾ."

ಮಧ್ಯಾಹ್ನದ ಆಟಕ್ಕೆ ಬಂದಳು. ತಪ್ಪು ನನ್ನದಾದ್ದರಿಂದ ಮುಂದಿನ ಸಾಲಿನಲ್ಲಿ ಅವಳ ಪಕ್ಕವೇ ಕೂತೆ. ಶಿಖರ ಬಂದಾಗ ನಾವಿಬ್ಬರೇ ಏಳಲಿಲ್ಲ. ಮೊದಲ ಸಲ ಸಾಲು ಪೂರ್ತಿ ಕಂಡಿತು. ಧೂಳು, ಕಂಬಿ, ಬೆನ್ನುಗಳು. ಎಲ್ಲರನ್ನೂ ಹಿಂದಿನಿಂದ ತೆಗೆದಿದ್ದರು. ಒಂದು ಮುಖವೂ ಇರಲಿಲ್ಲ.

ಮುದುಕಿ ನನ್ನ ಕೈ ಹಿಡಿದಳು. "ಅಗಾ, ಅಂವನ. ಹಂಗ ನಡೀತಿದ್ದ."

ನಾನೂ ಹುಡುಕಿದೆ. ಅಪ್ಪನ ಬೆನ್ನು ಹೇಗಿತ್ತೆಂದು ನೆನಪಾಗಲಿಲ್ಲ. ಮರುದಿನ ಮೈಕು ಕೊಟ್ಟು ಗಿರಣಿಯ ಕೆಲಸಕ್ಕೆ ಸೇರಿದೆ.

ಗಂಗಾವತಿಯ ಆ ಟಾಕೀಸು ಈಗ ಕಲ್ಯಾಣ ಮಂಟಪ. ಪರದೆಯಿದ್ದ ಗೋಡೆಗೆ ಮದುಮಕ್ಕಳ ಕುರ್ಚಿ ಹಾಕುತ್ತಾರೆ. ಅವ್ವನೂ ಹೋಗಿ ಆರು ವರ್ಷವಾಯಿತು. ಯಾರ ಮುಂದೆಯೂ ಕೈಚಾಚದೆ ದುಡಿದಿದ್ದೇನೆ. ನನಗೀಗ ಎರಡು ಆಟೋ, ಮೂರು ಕೋಣೆಯ ಸ್ವಂತ ಮನೆ, ಹೈಸ್ಕೂಲು ಓದುವ ಇಬ್ಬರು ಹೆಣ್ಣುಮಕ್ಕಳು, ಅವ್ವನ ಒಂದು ಫೋಟೋ. ಅಪ್ಪನದು ಒಂದೂ ಇಲ್ಲ.