ಮುಯ್ಯಾಳಿನ ನೀರು

2005ರ ಬೇಸಿಗೆಯಲ್ಲಿ ನಾನು ಒಂದು ವಿದೇಶಿ ನಿಧಿಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ ಪ್ರೋಗ್ರಾಂ ಆಫೀಸರ್ ಆಗಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ನಮ್ಮ ನೆರವು ಪಡೆದ ಸ್ಥಳೀಯ ಸಂಘಗಳು ಒಪ್ಪಿಕೊಂಡ ಹಾಗೆಯೇ ಕೆಲಸ ಮಾಡಿವೆಯೇ ಎಂದು ಹೋಗಿ ನೋಡುವುದು ನನ್ನ ಕೆಲಸ. ಕಚೇರಿಯ ಭಾಷೆಯಲ್ಲಿ ಅದು ಮಾನಿಟರಿಂಗ್. ನನ್ನ ಗಂಡ ಅದನ್ನು ‘ಸಂಬಳ ಕೊಟ್ಟು ಮಾಡಿಸುವ ಅನುಮಾನ’ ಎನ್ನುತ್ತಿದ್ದರು. ನನಗೇನೂ ಬೇಸರವಿರಲಿಲ್ಲ, ಹಾಲು ಕೊಳ್ಳುವಾಗಲೂ ಬೆರಳದ್ದಿ ನೋಡುವ ಜಾತಿ ನಾನು.

ಬಸರೀಕಟ್ಟೆ ಕಡೆಯ ಒಂದು ಮಹಿಳಾ ಸಂಘ ನಮ್ಮ ನೆರವಿನಿಂದ ಅಬ್ಬಿ ನೀರಿನ ಯೋಜನೆ ಮಾಡಿತ್ತು. ಗುಡ್ಡದ ಒರತೆಗೆ ಪೈಪ್ ಹಾಕಿ, ಮೋಟಾರಿಲ್ಲದೆ, ಇಳಿಜಾರಿನಲ್ಲೇ ಮನೆಗಳಿಗೆ ನೀರು ಹರಿಸುವುದು. ಪೈಪ್ ನಮ್ಮದು, ಅದನ್ನು ಹುಗಿಯಲು ನೆಲ ಅಗೆಯುವ ಶ್ರಮ ಊರಿನದು. ನೀರು ಸಂಘದ ಸದಸ್ಯರ ಮನೆಗಳಿಗೆ ಮಾತ್ರ ಎಂಬುದು ನಮ್ಮ ಷರತ್ತು. ನೀರು ಬೇರೆಲ್ಲಿಗೋ ಹೋಗುತ್ತಿದೆ ಎಂದು ಯಾರೋ ಹೆಸರು ಹೇಳದೆ ಕಚೇರಿಗೆ ಫೋನ್ ಮಾಡಿದ್ದರು.

ಅಧ್ಯಕ್ಷೆ ಗಿರಿಜಮ್ಮ ಕಷಾಯ ಕೊಟ್ಟು ಕೂರಿಸಿದರು. “ನೀರು ಸಾಕಾಗ್ತದಾ?” ಎಂದು ಕೇಳಿದೆ. ಪಕ್ಕದಲ್ಲಿದ್ದ ಹೆಂಗಸು ತಟ್ಟನೆ, “ನಮ್ಮನೆಗಳಿಗೆ ಬಿಟ್ರೆ ಮತ್ತೆಲ್ಲಿಗೂ ಹೋಗಲ್ಲ ಮೇಡಂ” ಎಂದಳು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಟ್ಯಾಂಕ್ ನೋಡುವ ನೆಪದಲ್ಲಿ ಗುಡ್ಡ ಹತ್ತಿದೆ. ಟ್ಯಾಂಕಿನ ಹಿಂದೆ ಒಣ ದರಗು ನೇರ ಗೆರೆ ಎಳೆದಂತೆ ಬಿದ್ದಿತ್ತು. ಮರಗಳು ಹಾಗೆ ಎಲೆ ಉದುರಿಸುವುದಿಲ್ಲ. ಕಾಲಲ್ಲಿ ಕೆದಕಿದರೆ ನಮ್ಮದೇ ಪೈಪ್! ಗಿರಿಜಮ್ಮನ ತೋಟಕ್ಕೇ ಹೋಗುತ್ತಿರಬೇಕು ಅಂದುಕೊಂಡೆ. ಕಳ್ಳರನ್ನು ಹಿಡಿದ ಖುಷಿಯೂ ಆಯಿತು, ಸುಳ್ಳೇಕೆ.

ಆದರೆ ಪೈಪ್ ಆಕೆಯ ಬೇಲಿ ದಾಟಿ, ಕಾಫಿ ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ ಇಳಿದಿತ್ತು. ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹೆಂಗಸು ನನ್ನನ್ನು ಕಂಡವಳೇ ಎದ್ದು ನಲ್ಲಿಗೆ ಅಡ್ಡ ನಿಂತಳು. “ಬಂದ್ ಮಾಡಿಸ್ತೀರಾ ಅಮ್ಮಾ? ಮೊದ್ಲು ಹಳ್ಳದಿಂದ ಹೊರ್ತಿದ್ವಿ” ಎಂದಳು.

ಅಷ್ಟರಲ್ಲಿ ಗಿರಿಜಮ್ಮ ಏದುಸಿರು ಬಿಡುತ್ತ ಬಂದರು.

“ಬರ್ಕೊಳ್ಳಿ ಮೇಡಂ, ಹೆದರೋದು ಎಂತಕ್ಕೆ ಇನ್ನು? ಆ ಕಲ್ಲುನೆಲ ಅಗೆಯೋಕೆ ನಮ್ಮೂರಲ್ಲಿ ಆಳೆಲ್ಲಿದ್ರು? ರಜೆ ದಿನ ಇವ್ರೇ ಮುಯ್ಯಾಳಾಗಿ ಬಂದ್ರು.”

ಮುಯ್ಯಾಳು ಎಂದರೆ ಇಂದು ನೀನು ನನ್ನ ಕೆಲಸಕ್ಕೆ, ನಾಳೆ ನಾನು ನಿನ್ನ ಕೆಲಸಕ್ಕೆ. ಅದಕ್ಕೆ ಕೂಲಿ ಕೊಡುವಂತಿಲ್ಲ, ತೀರಿಸದೆ ಇರುವಂತೆಯೂ ಇಲ್ಲ.

“ಇವ್ರಿಗೆ ಗದ್ದೆಯಾ, ತೋಟವಾ? ನಾವು ಎಲ್ಲಿ ಹೋಗಿ ದುಡಿದು ತೀರಿಸೋದು ಮಾರಾಯ್ರೆ? ನೀರು ಕೊಟ್ವಿ.”

ಷರತ್ತು ಬರೆದ ನಮಗೆ ಊರಿನ ಶ್ರಮ ಬೇಕಿತ್ತು. ಆ ಶ್ರಮ ಯಾರದ್ದು ಎಂದು ನಾವು ಯಾರೂ ಕೇಳಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದೆ. ಮುಂದಿನ ತಿಂಗಳು ನಮ್ಮ ವಿದೇಶಿ ಸಾಹೇಬರೇ ಬಂದರು. ಲೈನಿನ ಪೈಪ್ ಕತ್ತರಿಸಿ, ಇಲ್ಲವಾದರೆ ಎರಡನೇ ಟ್ಯಾಂಕಿಗೆ ನೆರವಿಲ್ಲ ಎಂದರು. ಅದನ್ನು ನಾನು ಗಿರಿಜಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಗಿರಿಜಮ್ಮ ಕೂತಲ್ಲಿಂದ ಏಳಲಿಲ್ಲ. “ಪೈಪ್ ನಿಮ್ದು, ಕಿತ್ಕೊಂಡು ಹೋಗಿ. ನೆಲ ಅಗೆದೋರು ಅವ್ರು. ಗುದ್ದಲಿ ಹಾಕೋ ಮೊದ್ಲು ಲೈನಿಗೆ ಹೋಗಿ ಅವ್ರನ್ನೇ ಕೇಳಿ.”

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸಾಹೇಬರು ಆಕೆಯನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದರು, ಮಾತು ಆಕೆಯದೋ ನನ್ನದೋ ಎಂಬಂತೆ. ಅನುಮಾನಿಸಿಯೇ ಅನ್ನ ತಿಂದ ನನಗೆ, ಇನ್ನೊಬ್ಬರು ಹಾಗೆ ನೋಡಿದರೆ ಎಷ್ಟು ಚುಚ್ಚುತ್ತದೆಂದು ಅವತ್ತು ತಿಳಿಯಿತು. ಲೈನಿಗೆ ಹೋಗಿ ಕೇಳುವ ಧೈರ್ಯ ಸಾಹೇಬರಿಗಾಗಲಿಲ್ಲ. ಪೈಪ್ ಉಳಿಯಿತು, ಎರಡನೇ ಟ್ಯಾಂಕ್ ಹೋಯಿತು.

ಕೆಲವು ವರ್ಷಗಳ ನಂತರ ನಮ್ಮ ಕಚೇರಿಯಲ್ಲಿ ಹೊಸ ಗಾಳಿ ಬೀಸಿತು. ಇನ್ನು ಅಧಿಕಾರ ಸ್ಥಳೀಯರದ್ದಂತೆ, ಷರತ್ತುಗಳನ್ನು ಸಂಘಗಳೇ ಹೇಳಬೇಕಂತೆ. ಸಮಾರಂಭದ ಪರದೆಯ ಮೇಲೆ, ಅಂದು ಕತ್ತರಿಸಿ ಎಂದಿದ್ದ ಅದೇ ಲೈನಿನ ನಲ್ಲಿಯ ಫೋಟೋ! ನನಗೆ ಮೈಯೆಲ್ಲ ಉರಿಯಿತು. ಆದರೂ ಕೆಲಸ ಕೆಲಸವೇ ತಾನೆ, ಗಿರಿಜಮ್ಮನಿಗೆ ಫೋನ್ ಮಾಡಿದೆ.

“ಷರತ್ತು ನಾವೇ ಹಾಕ್ಬೋದಾ? ನಿಜವಾ?” ಆಕೆಗೂ ನಂಬಿಕೆ ಬರಲಿಲ್ಲ. “ಹಂಗಾರೆ ಒಂದೇ ಒಂದು. ಮಳೆ ಕಳೆದ್ಮೇಲೆ ಒರತೆ ಕಸ ತೆಗೀಬೇಕು, ನಿಮ್ಮ ಸಾಹೇಬ್ರು ಮುಯ್ಯಾಳಾಗಿ ಬರ್ಲಿ.”

“ಬಂದರೆ ನೀವು ತೀರಿಸೋದು ಹೇಗೆ ಗಿರಿಜಮ್ಮ?”

“ನಾವೂ ಒಂದಿನ ನಿಮ್ಮ ಆಫೀಸಿಗೆ ಬತ್ತೀವಿ. ನೀವು ಇಲ್ಲಿ ಬಂದು ಮಾಡ್ತೀರಲ್ಲ, ಅದೇ ಮಾನಿಟರಿಂಗು, ಅದನ್ನ ಮಾಡ್ಕೊಡ್ತೀವಿ.”

ಆ ಷರತ್ತನ್ನು ಒಂದಕ್ಷರ ಬದಲಿಸದೆ ಮೇಲಕ್ಕೆ ಕಳಿಸಿದೆ. ನಾನು ನಿವೃತ್ತಳಾಗುವವರೆಗೂ ಉತ್ತರ ಬರಲಿಲ್ಲ. ಈಗಲೂ ಯಾರಾದರೂ ಅಧಿಕಾರವನ್ನೆಲ್ಲ ಊರಿನವರಿಗೇ ಬಿಟ್ಟುಕೊಟ್ಟಿದ್ದೇವೆ ಎಂದರೆ ನಾನು ಕೇಳುವುದು ಒಂದೇ ಮಾತು: ಊರಿನವರು ನಿಮ್ಮ ಕಚೇರಿಗೆ ಬಂದು ನೋಡಿಹೋದದ್ದು ಯಾವಾಗ?