ತೆರೆದಿಟ್ಟ ಗೇಟು

ಶಾಲೆಯ ಅಡುಗೆಮನೆಯಲ್ಲಿ ಮಕ್ಕಳನ್ನು ಗದರಿಸುತ್ತಲೇ ನಿವೃತ್ತಳಾದ ಎಫಿ ರುದರ್‌ಫರ್ಡ್, ಮೊಫಾಟ್ ಊರಿನ ಬೆಟ್ಟಗಳ ನಡುವಿನ ಬೋಗುಣಿಯಂಥ ತಗ್ಗಿಗೆ ಪ್ರತಿ ಭಾನುವಾರ ನಡೆದು ಹೋಗುತ್ತಿದ್ದಳು. ಗದರಿಸುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಅಂದು ದಾರಿಯ ಗೇಟು ಹಾರುಹೊಡೆದಿತ್ತು. ಮುಂದೆ ಪೇಟೆಯ ಎಳೆಯ ದಂಪತಿ ನಡೆಯುತ್ತಿದ್ದರು.

“ಗೇಟು ಹಾಕೋಕೆ ನಿಮ್ಮಪ್ಪ ಬರ್ಬೇಕಾ? ಕುರಿ ರಸ್ತೆಗೆ ಬಂದ್ರೆ?”

“ನಾವು ಬಂದಾಗ್ಲೇ ತೆಗೆದಿತ್ತು ಕಣ್ರೀ,” ಎಂದಳು ಹೆಂಡತಿ.

“ಸುಳ್ಳು ಬೇರೆ!” ಎಂದು ಎಫಿ ಗೇಟನ್ನು ದಡಾರನೆ ಹಾಕಿದಳು. ಆ ಹೆಣ್ಣಿನ ಮುಖ ಕೆಂಪಾಯಿತು.

ಅವರು ತಗ್ಗಿನತ್ತ ಹೋದರು. ಎಫಿ ಅಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾಗ ಕುರಿ ಕಾಯುವ ನಿಕಲ್ ಓಡಿ ಬಂದ.

“ಯಾವ ಪುಣ್ಯಾತ್ಮ ಇದನ್ನ ಹಾಕಿದ್ದು? ಕುರಿಗಳು ನೀರು ಕುಡಿಯೋಕೆ ತೊರೆಗೆ ಇಳೀಲಿ ಅಂತ ಬೆಳಿಗ್ಗೆ ನಾನೇ ತೆಗೆದಿಟ್ಟಿದ್ದೆ. ತೆಗೆದಿದ್ದ ಗೇಟು ತೆಗೆದೇ ಇರ್ಬೇಕು ಅಂತ ಈ ಪೇಟೆಯವರಿಗೆ ಎಲ್ಲಿ ಗೊತ್ತಾಗತ್ತೆ, ಅಲ್ವಾ ಎಫಿ?”

“ಹೂಂ,” ಎಂದಳು ಎಫಿ.

ನಿಕಲ್ ಗೇಟು ತೆಗೆದು ಹೋದ. ಸ್ವಲ್ಪ ಹೊತ್ತಿಗೆ ದಂಪತಿ ಹಿಂತಿರುಗಿದರು. ಹೆಂಡತಿ ಗೇಟನ್ನು ಜೋಪಾನವಾಗಿ ಹಾಕಿ, ಚಿಲಕ ಜಗ್ಗಿ ನೋಡಿ, “ಆಗ್ಲೇ ನಾವು ಹಾಕ್ಬೇಕಿತ್ತು, ತಪ್ಪಾಯ್ತು ರೀ, ಇನ್ಮೇಲೆ ಮರೆಯಲ್ಲ,” ಎಂದಳು.

“ಪರವಾಗಿಲ್ಲ ಬಿಡಮ್ಮ,” ಎಂದುಬಿಟ್ಟಳು ಎಫಿ.

ಅವರು ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಕಳ್ಳಿಯ ಹಾಗೆ ಎದ್ದು ಹೋಗಿ ಗೇಟು ತೆಗೆದಳು.