ಫೋನಿನಲ್ಲಿ ಬಂದ ಹಾಜರಿ

ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಎದುರಿಗೆ ನಮ್ಮತ್ತೆ, ಪಕ್ಕದಲ್ಲಿ ಬಾಜೂ ಮನೆಯ ಅಕ್ಕ, ನಡುವೆ ಕೆಂಪನೆಯ ರಾಶಿ. ಘಾಟಿಗೆ ಮೂವರೂ ಮೂಗಿಗೆ ಸೆರಗು ಕಟ್ಟಿಕೊಂಡಿದ್ದೆವು. ಅಷ್ಟರಲ್ಲಿ ಹಣಮಪ್ಪನ ಗುಡಿಯ ಮೈಕು ಕರಕರ ಎಂದಿತು. ನಮ್ಮೂರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೈಕು ಹಚ್ಚಿದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ.

"ಶಿವಾ ಶಿವಾ, ಯಾರ ಹೋದ್ರವಾ?" ಎಂದರು ಅತ್ತೆ.

ಯಾರೂ ಹೋಗಿರಲಿಲ್ಲ. ಗುಡಿಯ ಪೂಜಾರಿ ಏದುಸಿರು ಬಿಡುತ್ತ ಹೇಳುತ್ತಿದ್ದ: "ಸಾಲಿ ಹಿಂದಿನ ಆಲದ ಮರದಾಗ ಹೆಜ್ಜೇನ ಎದ್ದಾವ್ರಿ! ಮಕ್ಕಳನ್ನ ಒಳಗ ಹಾಕಿ ಬಾಗಲಾ ಹಾಕ್ಯಾರ. ಯಾರೂ ಸಾಲಿ ಕಡೆ ಬರಬ್ಯಾಡ್ರಿ ಅಂತ ಅಕ್ಕೋರು ಹೇಳ್ಯಾರ. ಬರಬ್ಯಾಡ್ರಿ!"

ಬರಬೇಡಿ ಎಂದದ್ದು ಕಿವಿಗೆ ಬಿತ್ತು. ಆದರೆ ನನ್ನ ಕಾಲು ಆಗಲೇ ಹೊಸ್ತಿಲು ದಾಟಿತ್ತು. ಎರಡನೇ ಇಯತ್ತೆ ಓದುವ ನನ್ನ ಮಗಳು ಆ ಶಾಲೆಯಲ್ಲಿದ್ದಳು. ಅದು ಊಟದ ಬಿಡುವಿನ ಹೊತ್ತು. ತಾಟು ತೊಳೆಯುವ ನಳ ಇರುವುದು ಆಲದ ಮರದ ಬುಡಕ್ಕೇ.

ಜೇನು ಎಂದರೆ ನಮ್ಮ ಮಂದಿಗೆ ಮೊದಲು ನೆನಪಾಗುವುದು ಹೊಗೆ. ಅತ್ತೆ ಒಳಗೆ ಹೋಗಿ ಕಂಬಳಿಯನ್ನೂ ಎರಡು ಸಗಣಿ ಕುಳ್ಳನ್ನೂ ತಂದು ನನ್ನ ಕೈಗೆ ತುರುಕಿದರು. "ಹೊದ್ಕೊಂಡ ಹೋಗು. ಬಾಗಲದಾಗ ಹೊಗಿ ಹಾಕು, ಕೂಸಿನ್ನ ಎತಗೊಂಡ ಬಾ."

ಬಾಜೂ ಮನೆಯ ಅಕ್ಕ ಅಡ್ಡ ನಿಂತಳು. "ಎಲ್ಲಿಗ ಹೊಂಟಿ ಬೇ? ಸೋಮವಾರ ಅಕ್ಕೋರ ಮುಂದ ಕುಂತು ಹೌದ್ರಿ ಹೌದ್ರಿ ಅಂತ ಗೋಣ ಹಾಕಿ ಬಂದಾಕಿ ನೀನ ಅಲ್ಲ?"

ನಿಜ, ನಾನೇ. ಈ ಅಕ್ಕೋರು, ಅಂದರೆ ನಮ್ಮ ಶಾಲೆಯ ಟೀಚರು, ಹೊಸದಾಗಿ ಬಂದಾಗ ಪಾಲಕರ ಸಭೆಯನ್ನು ಶನಿವಾರ ಕರೆಯುತ್ತಿದ್ದರು. ಎಲ್ಲರೂ ಹೊಲದಲ್ಲಿರುತ್ತಿದ್ದೆವು, ಯಾರೂ ಹೋಗುತ್ತಿರಲಿಲ್ಲ. ಸೋಮವಾರ ನಮ್ಮೂರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಇದನ್ನು ಯಾರೋ ಹೇಳಿದ್ದೇ ತಡ, ಅವರು ಸಭೆಯನ್ನು ಸೋಮವಾರಕ್ಕೆ ಹಾಕಿದರು. ಆಗಿನಿಂದ ಗಂಡಸರೂ ಬಂದು ಗೋಡೆಗೆ ಒರಗಿ ಕೂರುತ್ತಾರೆ. ಯಾವ ಮಗು ಎಲ್ಲಿಯವರೆಗೆ ಓದುತ್ತದೆ, ಯಾವುದಕ್ಕೆ ಕೂಡಿಸುವ ಲೆಕ್ಕ ಬರುವುದಿಲ್ಲ, ಎಲ್ಲವನ್ನೂ ಅಕ್ಕೋರು ಬಿಡಿಸಿ ಹೇಳುತ್ತಾರೆ.

ಹಿಂದಿನ ವಾರದ ಸಭೆಯಲ್ಲಿ ನನ್ನ ಸರದಿ ಬಂದಾಗ ಕೇಳಿದ್ದರು, "ಓದೂದ್ರಾಗ ಜಾಣಿ ಅದಾಳ್ರಿ. ಆದ್ರ ಬಾಯಿನ ಬಿಡಂಗಿಲ್ಲ. ಮನಿಯಾಗರ ಮಾತಾಡ್ತಾಳೇನ್ರಿ?"

ನಮ್ಮ ಮನೆಯವರು ನಕ್ಕಿದ್ದರು. "ಮನಿಯಾಗ ಬಾಯಿ ಮುಚ್ಚಂಗಿಲ್ರಿ. ಅವರವ್ವನ್ನ ಹೋಲ್ತಾಳ."

ಆಮೇಲೆ ಅಕ್ಕೋರು ಆಲದ ಮರದ ಜೇನಿನ ಮಾತು ತೆಗೆದಿದ್ದರು. ಎದ್ದರೆ ಮೊದಲು ಮೈಕಿನಲ್ಲಿ ಹೇಳಿಸುತ್ತೇನೆ, ಆಮೇಲೆ ಫೋನಿಗೆ ಸುದ್ದಿ ಹಾಕುತ್ತೇನೆ, ನೀವು ಹಿಟ್ಟಿನ ಗಿರಣಿಯ ಹತ್ತಿರ ನಿಲ್ಲಬೇಕು ಎಂದಿದ್ದರು. "ಹೊಗಿ ಹಾಕಿದ್ರ ಅವು ಇನ್ನಷ್ಟು ಏಳ್ತಾವ. ನೀವು ಓಡಿ ಬಂದ್ರ ನಾ ಬಾಗಲಾ ತಗೀಬೇಕಾಕ್ಕೈತಿ. ಬಾಗಲಾ ತಗದ್ರ ಜೇನ ಒಳಗ ಬರ್ತಾವ್ರಿ."

ಅದನ್ನು ನೆನೆದು ಕುಳ್ಳು ಕೆಳಗಿಟ್ಟೆ. ಫೋನು ತೆಗೆದುಕೊಂಡು ಇಬ್ಬರೂ ಗಿರಣಿಗೆ ಓಡಿದೆವು. ಅತ್ತೆ ಹಿಂದಿನಿಂದ ಬೈಯುತ್ತಲೇ ಇದ್ದರು, "ಹೆತ್ತಾಕಿಗೆ ಇಲ್ಲದ ಧಾವತಿ ನನಗ್ಯಾಕವಾ!"

ಗಿರಣಿಯ ಕಟ್ಟೆಯ ಮೇಲೆ ಆಗಲೇ ಹೆಂಗಸರು ಸೇರಿದ್ದರು. ದೂರದಿಂದ ಶಾಲೆಯ ಹಂಚು ಕಾಣುತ್ತಿತ್ತು, ಅದರ ಮೇಲೆ ಕರಿ ಹೊಗೆಯಂತೆ ಜೇನು ಸುತ್ತುತ್ತಿತ್ತು. ಫೋನು ಗುಂಯ್ ಎಂದಿತು. ಅಕ್ಕೋರು ದನಿ ಕಳಿಸಿದ್ದರು. "ಅಂಜಬ್ಯಾಡ್ರಿ. ಎಲ್ಲಾರೂ ಒಳಗ ಅದಾರ. ಹಾಜರಿ ತಗೋತೀನಿ, ನಿಮ್ಮ ಕಿವೀಲೇ ಕೇಳ್ರಿ."

ನಮ್ಮಲ್ಲಿ ಓದಲು ಬಾರದವರೇ ಹೆಚ್ಚು. ಬರೆದು ಕಳಿಸಿದ್ದರೆ ಒಬ್ಬರಿಗೊಬ್ಬರು ಕೇಳಿಕೊಳ್ಳಬೇಕಿತ್ತು. ಇದೋ, ಒಂದೊಂದೇ ಹೆಸರು, ಒಂದೊಂದೇ ದನಿ. "ಹಾಜರ್ರಿ." "ಹಾಜರ್ರಿ ಅಕ್ಕೋರ." ಒಬ್ಬೊಬ್ಬ ತಾಯಿಯೂ ಉಸಿರು ಬಿಡುತ್ತ ಹೋದಳು. ಒಬ್ಬ ಹುಡುಗ ಕಿರುಚಿದ್ದಕ್ಕೆ ಅವನ ಅವ್ವ, "ನೋಡ್ರಿ ನಮ್ಮ ಭಾಡ್ಯಾ, ಜೇನಿಗೂ ಅಂಜಂಗಿಲ್ಲ" ಎಂದು ಅಳುತ್ತಲೇ ನಕ್ಕಳು.

ನನ್ನ ಮಗಳ ಹೆಸರು ಬಂತು.

ದನಿಯಿಲ್ಲ. ಅಕ್ಕೋರು ಮುಂದಿನ ಹೆಸರು ಕರೆದರು.

"ಇನ್ನೊಮ್ಮಿ ಹಚ್ಚು" ಎಂದರು ಯಾರೋ. ಹಚ್ಚಿದೆ. ಹೆಸರು, ಸುಮ್ಮನೆ, ಮುಂದಿನ ಹೆಸರು. ಆ ನಳದ ಬುಡದಲ್ಲಿ ಅವಳು ಒಬ್ಬಳೇ ಕುಕ್ಕರಗಾಲಲ್ಲಿ ಕೂತಂತೆ ಕಣ್ಣಿಗೆ ಕಟ್ಟಿತು. ಅಲ್ಲಿಂದ ಎದ್ದು ಹೊರಟೇಬಿಟ್ಟೆ. ಬಾಜೂ ಮನೆಯ ಅಕ್ಕ ನನ್ನ ರಟ್ಟೆ ಬಿಗಿಯಾಗಿ ಹಿಡಿದಳು.

"ಬಿಡ ಅಕ್ಕಾ, ನನ್ನ ಕೂಸು ಹೊರಗ ಉಳದೈತಿ."

"ಉಳದಿದ್ರ ಅಕ್ಕೋರು ಸುಮ್ನ ಮುಂದ ಹೋಗ್ತಿದ್ರೇನ? ಮೊದಲ ಕೇಳು. ಕೇಳಿ ಆಮ್ಯಾಲ ಸಾಯಾಕ ಹೋಗು."

ದನಿ ಕಳಿಸುವ ಗುಂಡಿ ಒತ್ತಿದ್ದೂ ಅವಳೇ. ನಾನು ಅಷ್ಟೇ ಹೇಳಿದೆ, "ಅಕ್ಕೋರ, ನನ್ನ ಮಗಳ ದನಿ ಕೇಳಲಿಲ್ರಿ."

ಆ ಕಾಯುವಿಕೆಯಲ್ಲಿ ನಾನು ಶಿವನಿಗೆ ಏನೇನು ಹರಕೆ ಹೊತ್ತೆನೋ ಈಗ ನೆನಪಿಲ್ಲ. ಅವನಿಗೆ ನೆನಪಿದ್ದರೆ ತೀರಿಸುತ್ತೇನೆ.

ಮತ್ತೆ ಗುಂಯ್ ಎಂದಿತು. "ಅಯ್ಯ, ತಪ್ಪಾತ್ರಿ ಅವ್ವಾರ! ಆಕಿ ದಿನಾ ಹಾಜರಿಗೆ ಕೈ ಎತ್ತತಾಳ್ರಿ, ಬಾಯಲೆ ಹೇಳಂಗಿಲ್ಲ. ಇವತ್ತೂ ಎತ್ತಿದ್ಲು, ನಾ ನೋಡಿ ಮುಂದ ಹೋದೆ. ನಿಮಗ ಕಾಣಂಗಿಲ್ಲ ಅಂಬೂದ ಮರತೆ. ಬಾರವಾ ಇಲ್ಲಿ, ನಿಮ್ಮವ್ವ ಅಂಜ್ಯಾಳ, ಮಾತಾಡು."

ಮೊದಲು ಬರೀ ಜೇನಿನ ಗುಂಯ್‌ಗುಡುವ ಸದ್ದು. ಆಮೇಲೆ ಇರುವೆಯಂಥ ದನಿ: "ಅವ್ವಾ... ನಾ ಇಲ್ಲೇ ಅದೀನಿ. ನನ್ನ ತಾಟ ಹೊರಗ ಉಳದೈತಿ. ಬೈಬ್ಯಾಡ."

ಕಟ್ಟೆಯ ತುಂಬ ನಗು. ನಾನು ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿ ತಾಳದೆ ಕುಣಿದೆ. "ಅಳೂದರ ನೆಟ್ಟಗ ಅಳಬಾರದೇನ ನಿನಗ" ಎಂದು ಬಾಜೂ ಮನೆಯ ಅಕ್ಕ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು.

ಬಿಸಿಲು ಇಳಿದ ಮೇಲೆ ಜೇನು ಮರಕ್ಕೆ ಮರಳಿತು. ಅಕ್ಕೋರು ಮಕ್ಕಳನ್ನು ಮುಂದಿನ ಬಾಗಿಲಿನಿಂದ ಸಾಲು ಹಿಡಿಸಿ ಗಿರಣಿಗೆ ಕರೆತಂದರು. ಸದ್ದಿಲ್ಲದ ಸಾಲು, ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡಿದ್ದರು. ಒಂದೊಂದು ಮಗುವಿನ ಕೈಯನ್ನೂ ಅದರ ಮನೆಯವರ ಕೈಗೇ ಕೊಟ್ಟರು. ಅಕ್ಕೋರ ಎಡಗೆನ್ನೆ ಊದಿ ಕಣ್ಣು ಸಣ್ಣದಾಗಿತ್ತು. ನಳದ ಹತ್ತಿರ ಇದ್ದ ಮಕ್ಕಳನ್ನು ಒಳಗೆ ಎಳೆದುಕೊಳ್ಳುವಾಗ ಜೇನು ಕಚ್ಚಿತಂತೆ. ಹಾಗೆಂದು ಹೇಳಿದ್ದು ಅವರಲ್ಲ, ಮಕ್ಕಳು. ಹಾಗೆ ಒಳಗೆ ಸೇರಿದವರಲ್ಲಿ ನನ್ನ ಮಗಳೂ ಒಬ್ಬಳು.

ನಾನು ನಡು ಬೀದಿಯಲ್ಲೇ ಬಾಗಿ ಶರಣು ಮಾಡಿದೆ. ಅವರು ನನ್ನ ಹೆಗಲು ಹಿಡಿದು ಎಬ್ಬಿಸಿದರು. "ನೀವು ಇಲ್ಲೇ ನಿಂತಿದ್ದಕ್ಕ ನಾ ಬಾಗಲಾ ತಗೀಲಿಲ್ರಿ. ಶರಣು ನಾ ಮಾಡಬೇಕು." ಮಗಳ ಕಡೆ ತಿರುಗಿ, "ನಾಳಿಂದ ಹಾಜರಿ ಬಾಯಲೆ. ತಿಳೀತಿಲ್ಲೋ?" ಎಂದರು. ಅವಳು ಗೋಣು ಅಲ್ಲಾಡಿಸಿದಳು, ಅಷ್ಟೇ.

ಅಂದು ಗಾಳಿ ಊರ ಕಡೆಗೆ ಬೀಸಲಿಲ್ಲ. ನನ್ನ ಫೋನಿನಲ್ಲಿ ಚಾರ್ಜ್ ಇತ್ತು. ನನ್ನ ರಟ್ಟೆ ಹಿಡಿಯಲು ಒಬ್ಬಳಿದ್ದಳು. ಕೂತವರಿಗೆ ಕೂತಲ್ಲೇ ಸುದ್ದಿ ಮುಟ್ಟಿಸಬೇಕೆಂದು ಯೋಚಿಸುವ ಒಬ್ಬ ಟೀಚರನ್ನು ಶಿವ ನಮ್ಮೂರಿಗೆ ಕಳಿಸಿದ್ದ. ಇಷ್ಟರಲ್ಲಿ ಯಾವೊಂದೂ ನನ್ನ ಗಳಿಕೆಯಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ತಲೆಯಿಂದ ಕಾಲಿನವರೆಗೆ ಕೈಯಾಡಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆಯೇ, "ಎಮ್ಮಿ ಆಗಿನಿಂದ ಒದರಾಕ ಹತ್ತೈತಿ" ಎಂದರು. ಕೈಕಾಲು ತೊಳೆದುಕೊಂಡು, ಚರಗಿ ಹಿಡಿದು ಹಾಲು ಹಿಂಡಲು ಹಿತ್ತಲಿಗೆ ಹೋದೆ.